ಪಟ್ಟಿಯಲ್ಲಿಲ್ಲದ ಚೂರು

ಕಳೆದ ತಿಂಗಳು ಬೆಳಗಾವಿಯ ಶಹಾಪುರದಾಚೆ, ವಡಗಾವಿಗೆ ಹೋಗುವ ದಾರಿಯಲ್ಲಿರುವ ನನ್ನ ಹಳೆಯ ಶಾಲೆಗೆ ಹೋಗಿದ್ದೆ. ಜೊತೆಗೆ ಕೆಲಸ ಮಾಡಿದವರೊಬ್ಬರು ನಿವೃತ್ತರಾಗುತ್ತಿದ್ದರು. ಗೇಟು ದಾಟಿ ನೋಡಿದರೆ ಅಂಗಳದ ತುಂಬ ಫರಸಿಕಲ್ಲು ಹಾಸಿಬಿಟ್ಟಿದ್ದಾರೆ. ಮಣ್ಣು ಹೆಸರಿಗೂ ಕಾಣುವುದಿಲ್ಲ. ಬೇವಿನ ಮರದಿಂದ ಎಂಟು ಹೆಜ್ಜೆ ಎಣಿಸಿಕೊಂಡು ಹೋಗಿ ಒಂದು ಕಲ್ಲಿನ ಮೇಲೆ ನಿಂತೆ. ಹೊಸ ಸಿಪಾಯಿ ಹುಡುಗನಿಗೆ ನನ್ನ ಗುರುತಿರಲಿಲ್ಲ. "ಏನ್ ಕಳಕೊಂಡೀರಿ ಅಕ್ಕಾರ? ನಾ ಹುಡಕ್ಲ್ಯಾ?" ಎಂದು ಕೇಳಿದ. ಏನೂ ಇಲ್ಲಪ್ಪ ಎಂದೆ. ಅವನಿಗೆ ಹೇಳಲು ಹೊರಟಿದ್ದರೆ ಒಂದು ಇಡೀ ಚಳಿಗಾಲದ ಕಥೆ ಹೇಳಬೇಕಾಗುತ್ತಿತ್ತು. ಒಳಗೆ ಹಾರ, ಭಾಷಣಗಳು ಕಾದಿದ್ದವು.

ನಾನು ಆ ಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತಿದ್ದೆ. ಕಲಿಸುತ್ತಿದ್ದೆ ಎನ್ನುವುದು ದೊಡ್ಡ ಮಾತು, ಓದಿಸುತ್ತಿದ್ದೆ. ಶಾತವಾಹನರ ಪಾಠ ಬಂದರೆ ರಾಜರ ಹೆಸರು ಸಾಲಾಗಿ ಬರೆಸಿ, ಕೆಳಗೆ ಗೆರೆ ಎಳೆಸಿ, ಮುಂದಿನ ಪಾಠಕ್ಕೆ ಹೋಗುತ್ತಿದ್ದೆ. ಒಂದು ದಿನ ಮೊಮ್ಮಗಳ ದಾಖಲಾತಿಗೆಂದು ಬಂದ ಮುದುಕರೊಬ್ಬರು ಕಿಟಕಿಯ ಹೊರಗೆ ನಿಂತು ನನ್ನ ಪಾಠವನ್ನು ಪೂರ್ತಿ ಕೇಳಿದರು. ಗಂಟೆ ಹೊಡೆದ ಮೇಲೆ ಹತ್ತಿರ ಬಂದು, "ಅಕ್ಕಾರ, ಸಿಟ್ಟಾಗಬ್ಯಾಡ್ರಿ. ನೀವು ಹೇಳಿದ ಆ ಮಂದಿ ಇಲ್ಲೇ ಬಾಜುಕ ಇದ್ರು. ವಡಗಾವಿ-ಮಾಧವಪುರದಾಗ ಅವರ ಊರು ಅಗದ ತಗದಾರ. ನೀವು ಅವರನ್ನ ಭಾಳ ದೂರ ಇಟ್ಟೀರಿ" ಎಂದರು.

ಅವರೇ ಈರಣ್ಣ. ಶಹಾಪುರದ ನೇಕಾರರ ಮನೆಯವರು, ಆದರೆ ಮಗ್ಗದ ಮುಂದೆ ಕೂತವರಲ್ಲ. ಹರೆಯದಲ್ಲಿ ಉತ್ಖನನದ ಕೂಲಿಗೆ ಹೋಗಿ, ಅಲ್ಲೇ ಕೆಲಸ ಕಲಿತು, ಬೇರೆ ಬೇರೆ ಜಿಲ್ಲೆಗಳ ಗುಂಡಿಗಳಲ್ಲಿ ಕುಂಚ ಹಿಡಿದು ಆಯುಷ್ಯ ಕಳೆದವರು. ಓದಿದ್ದು ಏಳನೆಯ ಇಯತ್ತೆ. ಮಣ್ಣಿನ ಬಣ್ಣ ನೋಡಿ, ಇಲ್ಲಿ ಒಲೆ ಇತ್ತು, ಇಲ್ಲಿ ಗೋಡೆ ಬಿತ್ತು ಎಂದು ಹೇಳಬಲ್ಲವರು. ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಎರಡು ತಾಸು ಮಕ್ಕಳಿಗೆ ಕಲಿಸಿಕೊಡುತ್ತೀರಾ ಎಂದು ಕೇಳಿದೆ. "ಬಾಯಿಂದ ಕಲಸೂದು ನನಗ ಬರಂಗಿಲ್ಲ್ರಿ, ಕೈಲೇ ಆದ್ರ ಆತು" ಎಂದರು.

ಆ ವರ್ಷ ಮಳೆ ದೀಪಾವಳಿಯವರೆಗೂ ಹಿಡಿದಿತ್ತು. ಅದು ನಿಂತ ಮೇಲೆ ಬೆಳಗಾವಿಯ ಆ ತೆಳ್ಳನೆಯ, ಹಿತವಾದ ಬಿಸಿಲು ಬಂತು. ಬೆಳಿಗ್ಗೆ ಮಕ್ಕಳು ಸ್ವೆಟರ್ ಹಾಕಿಕೊಂಡು ಬರುವರು, ಮಧ್ಯಾಹ್ನ ಅದನ್ನೇ ಸೊಂಟಕ್ಕೆ ಕಟ್ಟಿಕೊಂಡು ಓಡಾಡುವರು. ಮೊದಲ ಶನಿವಾರ ಈರಣ್ಣನವರು ಸ್ಟಾಫ್ ರೂಮಿನ ಕಸದ ಬುಟ್ಟಿಯನ್ನು ತರಿಸಿ ನಡುವೆ ಇಟ್ಟರು. ಮೇಲಿಂದ ಒಂದೊಂದೇ ತೆಗೆಯಬೇಕು, ತೆಗೆದದ್ದನ್ನು ಬರೆಯಬೇಕು. ಎಲ್ಲಕ್ಕಿಂತ ಕೆಳಗಿದ್ದದ್ದು ಸೋಮವಾರದ್ದು, ಮೇಲಿದ್ದದ್ದು ಶನಿವಾರದ್ದು. ನಡುವೆ ಗುರುವಾರದ ಪದರಿನಲ್ಲಿ ಕುಂದಾ ಎಂಬ ಸಿಹಿಯ ಖಾಲಿ ಡಬ್ಬಿಯೊಂದು ಸಿಕ್ಕಿತು. ಅದರ ಕೆಳಗೇ ಸಕ್ಕರೆ ಕಾಯಿಲೆಯ ಗುಳಿಗೆಯ ಖಾಲಿ ಪಟ್ಟಿ. ಹುಡುಗರು ಹೆಡ್ ಮಾಸ್ತರರ ಕೋಣೆಯತ್ತ ನೋಡಿ ಬಿದ್ದು ಬಿದ್ದು ನಕ್ಕರು. "ನಗಬ್ಯಾಡ್ರಿ, ಇದ ಇತಿಹಾಸ" ಎಂದು ಈರಣ್ಣನವರು ಮುಖ ಗಂಟುಹಾಕಿ ಹೇಳಿದ್ದಕ್ಕೆ ಇನ್ನೂ ನಕ್ಕರು. ಅವತ್ತು ಅವರು ಹೇಳಿದ ಒಂದು ಮಾತನ್ನು ನಾನೂ ಮಕ್ಕಳ ಜೊತೆ ಬರೆದುಕೊಂಡಿದ್ದೆ: "ಏನು ಸಿಕ್ಕಿತು ಅಂತ ಎಲ್ಲಾರೂ ಕೇಳತಾರ. ಎಲ್ಲಿ ಸಿಕ್ಕಿತು ಅಂತ ಮೊದಲ ಕೇಳ್ರಿ." ಬರೆದುಕೊಂಡಿದ್ದೆ, ಅಷ್ಟೇ.

ಮುಂದಿನ ವಾರ ಹೊಸ ಗಡಿಗೆಯೊಂದನ್ನು ಮಕ್ಕಳ ಕಣ್ಣ ಮುಂದೆಯೇ ಒಡೆದು, ಚೂರುಗಳನ್ನು ಕೂಡಿಸಲು ಕೊಟ್ಟರು. ಎಲ್ಲರೂ ಆಕಾರ ನೋಡಿ ಹೊಂದಿಸಲು ಒದ್ದಾಡುತ್ತಿದ್ದಾಗ ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ ಮಾತ್ರ ಕಣ್ಣು ಮುಚ್ಚಿಕೊಂಡು ಚೂರುಗಳ ಒಳಮೈಯನ್ನು ಹೆಬ್ಬೆರಳಿನಿಂದ ಸವರುತ್ತಿದ್ದಳು. ಕುಂಬಾರನ ಬೆರಳು ಚಕ್ರದ ಮೇಲೆ ಓಡಿದ ಗೆರೆಗಳು ಒಳಗೆ ಉಳಿದಿರುತ್ತವಂತೆ. ಅವುಗಳ ಜಾಡು ಹಿಡಿದು ಎಲ್ಲರಿಗಿಂತ ಮೊದಲು ಗಡಿಗೆ ಕೂಡಿಸಿದಳು. ಅವಳೇ ಪ್ರಾಜಕ್ತಾ. ಖಾನಾಪುರದವಳು. ಅಪ್ಪ ಕುಂಬಾರ, ಮನೆಮಾತು ಮರಾಠಿ. ಕನ್ನಡದಲ್ಲಿ ಓದಿದರೆ ಮುಂದೆ ನೌಕರಿಗೆ ಅನುಕೂಲ ಎಂದು ಶಹಾಪುರದಲ್ಲಿ ಮಾವಶಿಯ, ಎಂದರೆ ತಾಯಿಯ ತಂಗಿಯ, ಮನೆಯಲ್ಲಿಟ್ಟಿದ್ದರು. ಮಾವಶಿಯ ಮನೆ ಪವರ್‌ಲೂಮಿನ ಶೆಡ್ಡಿಗೆ ತಾಗಿಕೊಂಡಿತ್ತು. ಆ ಸದ್ದಿನಲ್ಲಿ ಬೆಳೆದ ಉಳಿದ ಮಕ್ಕಳು ಗಟ್ಟಿಯಾಗಿ ಮಾತಾಡುತ್ತಿದ್ದರು. ಇವಳದು ಮಾತ್ರ ಕಿವಿಗೊಟ್ಟು ಕೇಳಬೇಕಾದ ದನಿ. ಕನ್ನಡ ತಪ್ಪಾದೀತೆಂಬ ಅಂಜಿಕೆಯಿಂದ ಇನ್ನಷ್ಟು ಸಣ್ಣದಾಗುತ್ತಿತ್ತು.

ಮೂರನೆಯ ವಾರ ಅಂಗಳದಲ್ಲಿ, ಬೇವಿನ ಮರದಿಂದ ಎಂಟು ಹೆಜ್ಜೆ ದೂರಕ್ಕೆ, ಗುಂಡಿ ತೋಡಿಸಿದೆವು. ಎರಡು ಮೀಟರು ಅಗಲ, ಎರಡು ಮೀಟರು ಉದ್ದ, ಮೊಣಕಾಲುಮಟ್ಟ ಆಳ. ಅದರಲ್ಲಿ ಮರಳು, ಕೆಂಪು ಮಣ್ಣು, ಬೂದಿ ಹೀಗೆ ಪದರು ಪದರಾಗಿ ಸುರಿದು, ನಡುನಡುವೆ ಬಳೆಚೂರು, ಮಣಿ, ಮಣ್ಣಿನ ದೀಪ, ಹಳೆಯ ಸವಕಲು ನಾಣ್ಯ ಹುಗಿದೆವು. ಯಾವುದನ್ನು ಎಲ್ಲಿ ಹುಗಿದೆವೆಂಬ ಪಟ್ಟಿ ನನ್ನ ಬಳಿ. ಮಕ್ಕಳು ದಾರ ಕಟ್ಟಿ ಚೌಕ ಮಾಡಿಕೊಂಡು, ಕರಣೆ-ಕುಂಚ ಹಿಡಿದು, ಸಿಕ್ಕಿದ್ದನ್ನು ಅಳೆದು ಬರೆಯುತ್ತ ಇಳಿಯಬೇಕು. ಅಷ್ಟರಲ್ಲಿ ಈರಣ್ಣನವರಿಗೆ ಮೋತಿಬಿಂದುವಿನ, ಎಂದರೆ ಕಣ್ಣಿನ ಪೊರೆಯ, ಆಪರೇಷನ್ ಗೊತ್ತಾಯಿತು. "ನಾ ಬರೂತನಾ ತಳಾ ಮುಟ್ಟಬ್ಯಾಡ್ರಿ ಅಕ್ಕಾರ" ಎಂದು ಹೇಳಿ ಹೋದರು.

ನಾನು ಕಾಯಲಿಲ್ಲ. ನಮ್ಮ ಶನಿವಾರದ ಶಿಬಿರದ ಸುದ್ದಿ ಶಿಕ್ಷಣಾಧಿಕಾರಿಗಳ ಕಿವಿಗೆ ಬಿದ್ದು, ನೋಡಲು ಬರುತ್ತೇನೆಂದು ಹೇಳಿಕಳಿಸಿದ್ದರು. ಅವರೆದುರು ಗುಂಡಿ ತೆರೆದು ತೋರಿಸುವ ಹುಮ್ಮಸ್ಸು ನನಗೆ. ಆ ಶನಿವಾರ ಕುರ್ಚಿ ಹಾಕಿ, ಶಾಲು ತಂದು, ಪಟ್ಟಿ ಕೈಯಲ್ಲಿ ಹಿಡಿದು ನಿಂತೆ. ಮಕ್ಕಳು ಒಂದೊಂದೇ ವಸ್ತು ಎತ್ತಿ ಹಿಡಿಯುವರು, ನಾನು ಪಟ್ಟಿಯಲ್ಲಿ ಗುರುತು ಹಾಕುವೆ, ಎಲ್ಲರೂ ಚಪ್ಪಾಳೆ ತಟ್ಟುವರು. ಪಟ್ಟಿ ಪೂರ್ತಿಯಾಯಿತು. ಅಧಿಕಾರಿಗಳು ಏಳಲು ಹೊರಟಾಗ ಗುಂಡಿಯ ಮೂಲೆಯಿಂದ ಪ್ರಾಜಕ್ತಾ ಕೈ ಎತ್ತಿದಳು.

"ಟೀಚರ್, ಇನ್ನೊಂದ ಐತ್ರಿ."

ಅವಳ ಅಂಗೈಯಲ್ಲಿ ಬೋಕಿಯೊಂದಿತ್ತು, ಗಡಿಗೆಯ ಚೂರು. ಹೊರಗೆ ಕೆಂಪು, ಒಳಗೆ ಕಪ್ಪು, ಎರಡೂ ಕಡೆ ನುಣುಪು. ನಾವು ಅಂಥದ್ದನ್ನು ಹುಗಿದಿರಲಿಲ್ಲ.

"ಇದು ಯಾವುದು?" ಎಂದು ಅಧಿಕಾರಿಗಳು ನನ್ನತ್ತ ತಿರುಗಿ ನಕ್ಕರು. ಸುಮ್ಮನೆ ನಕ್ಕದ್ದು, ಕುಹಕವೇನಿರಲಿಲ್ಲ. ನನಗೆ ಮಾತ್ರ ಅವಮಾನವಾದಂತಾಯಿತು. ಯಾವನೋ ಹಿಂದಿನಿಂದ, "ಅಕೀ ಅಪ್ಪ ಕುಂಬಾರ ಅದಾನ್ರಿ ಟೀಚರ್. ಮನಿಯಿಂದ ತಂದಿರಬೇಕು!" ಎಂದು ಕೂಗಿದ. ಎಲ್ಲರೂ ನಕ್ಕರು. ನನಗೆ ಅದೇ ಸರಿ ಎನ್ನಿಸಿತು. ಎಷ್ಟು ಬೇಗ ಎನ್ನಿಸಿತು ಎಂದು ಈಗಲೂ ಆಶ್ಚರ್ಯವಾಗುತ್ತದೆ.

"ಖರೇ ಹೇಳು, ನೀನ ತಂದ ಹಾಕೀಯಿಲ್ಲೊ?"

"ಇಲ್ರಿ. ಅಲ್ಲೇ ಇತ್ತರಿ."

"ಎಲ್ಲಾರಕಿಂತ ಹೆಚ್ಚಿಂದು ನನಗ ಸಿಗಬೇಕು ಅಂತ ಆಸೆ ಬಿತ್ತೇನು? ಇತಿಹಾಸದಾಗ ಸುಳ್ಳು ಹೇಳಬಾರದು. ಇದಕ್ಕಿಂತ ದೊಡ್ಡ ತಪ್ಪಿಲ್ಲ."

ಅವಳ ಕೈಯಿಂದ ಚೂರು ತೆಗೆದುಕೊಂಡು, ಅಗೆದು ಹಾಕಿದ ಮಣ್ಣಿನ ಗುಡ್ಡೆಯ ಮೇಲೆ ಎಸೆದೆ. ಪ್ರಾಜಕ್ತಾ ಅಳಲಿಲ್ಲ. ಚೂರು ಹೋಗಿ ಬಿದ್ದ ಕಡೆಯೇ ನೋಡುತ್ತಿದ್ದಳು. ಆಮೇಲೆ ತನ್ನ ನೋಟುಬುಕ್ಕು ತೆಗೆದುಕೊಂಡು ಅದರಲ್ಲಿ ಏನೋ ಬರೆದು, ಬುಕ್ಕನ್ನು ಉಳಿದವರ ಬುಕ್ಕುಗಳ ಜೊತೆ ಮೇಜಿನ ಮೇಲಿಟ್ಟು, ಕೈ ತೊಳೆದುಕೊಳ್ಳದೆ ಹೊರಟುಹೋದಳು.

ಸೋಮವಾರ ಬರಲಿಲ್ಲ. ಬುಧವಾರವೂ ಬರಲಿಲ್ಲ. ಮಾವಶಿಯ ಮನೆಯಲ್ಲಿ ವಿಚಾರಿಸಿದರೆ ಊರಿಗೆ ಹೋಗಿದ್ದಾಳೆಂದರು. ಸುಗ್ಗಿಯ ದಿನ, ಖಾನಾಪುರದ ಕಡೆಯ ಮಕ್ಕಳು ಭತ್ತದ ಕೊಯ್ಲಿಗೆ ಹೋಗುವುದುಂಟು. ನಾನು ಹಾಗೆಂದುಕೊಂಡು ಮನಸ್ಸನ್ನು ಸುಮ್ಮನಾಗಿಸಿದೆ.

ಹತ್ತು ದಿನಗಳ ಮೇಲೆ ಈರಣ್ಣನವರು ಕಪ್ಪು ಚಷ್ಮಾ ಹಾಕಿಕೊಂಡು ಬಂದರು. ಮಕ್ಕಳ ನೋಟುಬುಕ್ಕುಗಳನ್ನು ಒಂದೊಂದಾಗಿ ಕಣ್ಣಿನ ಹತ್ತಿರ ಹಿಡಿದು ನೋಡುತ್ತ ಹೋದವರು ಒಂದು ಪುಟದಲ್ಲಿ ನಿಂತುಬಿಟ್ಟರು. ಪ್ರಾಜಕ್ತಾಳ ಬುಕ್ಕು. ಅವತ್ತು ಕೈ ಎತ್ತುವ ಮೊದಲೇ ಅವಳು ಆ ಚೂರಿನ ಚಿತ್ರ ಬರೆದಿದ್ದಳು. ಅಂಚಿನ ಬಾಗು, ದಪ್ಪ, ಒಳಹೊರಗಿನ ಬಣ್ಣ, ಎಲ್ಲ ಅಳತೆಯೊಂದಿಗೆ. ಬದಿಗೆ ತಪ್ಪುತಪ್ಪಾದ ಕಾಗುಣಿತದಲ್ಲಿ ಹೀಗಿತ್ತು: 'ನಾವು ಹಾಕಿದ ಮರಳು ಮುಗದ ಮೇಲೆ ನಾಕು ಬೆರಳು ಕೆಳಗೆ. ಗಟ್ಟಿ ಕರಿ ಮಣ್ಣು. ಈ ಮಣ್ಣು ನಾವು ತಂದದ್ದು ಅಲ್ಲ.'

"ಈ ಬೋಕಿ ಎಲ್ಲೈತ್ರಿ ಅಕ್ಕಾರ?"

ನಡೆದದ್ದನ್ನು ಹೇಳಿದೆ. ಅವರು ಎದ್ದು ಗುಂಡಿಯ ಬದಿಗೆ ಹೋದರು. ಕಣ್ಣಿಗೆ ಧೂಳು ಬೀಳಬಾರದು, ಬಗ್ಗಬಾರದು ಎಂದು ಡಾಕ್ಟರು ಹೇಳಿದ್ದರಂತೆ. "ನೀವ ಇಳೀರಿ" ಎಂದರು. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಇಳಿದೆ. ಮಕ್ಕಳಿಗೆ ಹಿಡಿಯಲು ಕಲಿಸಿದ್ದ ಕರಣೆಯನ್ನು ನಾನು ಮೊದಲ ಬಾರಿ ಹಿಡಿದದ್ದು ಅವತ್ತೇ.

"ಅಕೀ ಮೂಲಿ. ಗೋಡಿ ಕೆರೀರಿ. ಒತ್ತಬ್ಯಾಡ್ರಿ. ಮಗುವಿನ ಕೆನ್ನಿ ಒರಸಿದಂಗ."

ಮರಳಿನ ಪದರು ಮುಗಿದ ಕಡೆ ಕಪ್ಪು ಮಣ್ಣು ಸುರುವಾಗಿತ್ತು. ಕೆರೆದೆ. ನಾಲ್ಕು ಬೆರಳು ಕೆಳಗೆ, ಗುಂಡಿಯ ಗೋಡೆಯಲ್ಲಿ, ಉಗುರಿನಷ್ಟು ಕೆಂಪು ಗೆರೆಯೊಂದು ಕಂಡಿತು. ಇನ್ನೂ ಕೆರೆದಾಗ ಅದು ಬಾಗಿದ ಅಂಚಾಯಿತು. ಹೊರಗೆ ಕೆಂಪು, ಒಳಗೆ ಕಪ್ಪು. ಅದರ ಅರ್ಧ ಇನ್ನೂ ನೆಲದೊಳಗಿತ್ತು.

"ತೆಗೀಲ್ಯಾ?" ಎಂದೆ.

"ಬ್ಯಾಡ್ರಿ! ಕೈ ಹಚ್ಚಬ್ಯಾಡ್ರಿ!" ಅಷ್ಟು ಗಟ್ಟಿಯಾಗಿ ಅವರು ಕೂಗಿದ್ದನ್ನು ನಾನು ಕೇಳಿರಲಿಲ್ಲ. "ಇದು ಆಟ ಅಲ್ರಿ ಈಗ. ಪರವಾನಗಿ ಇಲ್ಲದ ಒಂದ ಬುಟ್ಟಿ ಮಣ್ಣ ಸೈತ ತಗೀಬಾರದು. ಪುರಾತತ್ವ ಇಲಾಖೆಗೆ ಬರೀರಿ." ಆಮೇಲೆ ಮೆತ್ತಗೆ, "ಆ ಹುಡುಗಿ ಖರೇ ಹೇಳಿದ್ಲು ಅಕ್ಕಾರ" ಎಂದರು.

ನಾನು ಗುಂಡಿಯಲ್ಲೇ ಕುಳಿತೆ.

ಮಣ್ಣಿನ ಗುಡ್ಡೆ ಇರಲಿಲ್ಲ. ಯಾರೋ ಮನೆಯ ಬುನಾದಿ ತುಂಬಿಸಲು ಟ್ರ್ಯಾಕ್ಟರಿನಲ್ಲಿ ಒಯ್ದಿದ್ದರು. ವಿಳಾಸ ಕೇಳಿಕೊಂಡು ಹೋದೆ. ಬುನಾದಿ ತುಂಬಿ, ನೀರು ಹೊಡೆದು, ಧಮ್ಮಸ್ಸು ಹಾಕಿ ಸಮ ಮಾಡಿಯಾಗಿತ್ತು. ಬದಿಗೆ ಉಳಿದ ಒಂದಿಷ್ಟು ಮಣ್ಣನ್ನು ಗೌಂಡಿಯಿಂದ ಜರಡಿ ಇಸಕೊಂಡು ಸಂಜೆಯವರೆಗೆ ಜಾಲಿಸಿದೆ. ಕಲ್ಲು ಸಿಕ್ಕವು, ಬಳೆಚೂರು ಸಿಕ್ಕಿತು. ಅದು ಸಿಗಲಿಲ್ಲ.

ಭಾನುವಾರ ಈರಣ್ಣನವರ ಜೊತೆ ಖಾನಾಪುರದ ಬಸ್ಸು ಹತ್ತಿದೆ. ಪೀರನವಾಡಿ ದಾಟಿದ ಮೇಲೆ ಗದ್ದೆಗಳು. ಕೆಲವು ಕೊಯ್ದು ಬೋಳಾಗಿದ್ದವು, ಕೆಲವು ಇನ್ನೂ ಹಳದಿ. ಅಲ್ಲಿ ಹೋಗಿ ಏನು ಹೇಳಬೇಕೆಂದು ಮನಸ್ಸಿನಲ್ಲೇ ವಾಕ್ಯ ಕಟ್ಟಿಕೊಳ್ಳುತ್ತಿದ್ದೆ. ಯಾವುದೂ ಸರಿಬರಲಿಲ್ಲ. ಈರಣ್ಣನವರು ಕಿಟಕಿಯ ಬದಿಗೆ ಕೂತು ಹೊಸ ಕಣ್ಣಿನಲ್ಲಿ ಹೊರಗೆ ನೋಡುತ್ತ, "ಎಷ್ಟ ಬಣ್ಣ ಅದಾವಲ್ರಿ" ಎನ್ನುತ್ತಿದ್ದರು.

ಪ್ರಾಜಕ್ತಾಳ ಮನೆ ಊರ ಅಂಚಿನಲ್ಲಿತ್ತು. ಅಂಗಳದಲ್ಲಿ ಒಣಗಲು ಇಟ್ಟ ಗಡಿಗೆಗಳು, ಹಿಂದೆ ಭಟ್ಟಿ. ತಾಯಿ ಮರಾಠಿಯಲ್ಲಿ "ಬಸಾ ಬಾಯಿ", ಕೂತುಕೊಳ್ಳಿ ಅಕ್ಕಾ, ಎಂದು ಚಾಪೆ ಹಾಸಿದರು. ಅಪ್ಪ ಪುಂಡಲೀಕ ಕೈಯ ಕೆಸರು ತೊಳೆದುಕೊಂಡು ಬಂದು ಎದುರಿಗೆ ಕೂತರು. ಮಗಳು ಒಳಗೇ ಇದ್ದಳು.

ಅವರು ಕೂಗಾಡಿದ್ದರೆ ಚೆನ್ನಾಗಿತ್ತು. ಮೆಲ್ಲಗೆ ಕೇಳಿದರು: "ಬಾಯಿ, ನಾವು ಗಡಿಗಿ ಮಾಡೂ ಮಂದಿ. ಒಡದ ಬೋಕಿ ತಗೊಂಡ ನಮ್ಮ ಪೋರಿ ಏನ ಮಾಡತೈತ್ರಿ? ನಮ್ಮ ಮನ್ಯಾಗ ಬೋಕಿ ತಿಪ್ಪಿಗಿ ಹೋಗತಾವ."

ಈರಣ್ಣನವರು ನೋಟುಬುಕ್ಕು ತೆರೆದು ಅವರ ಮುಂದಿಟ್ಟರು. ಪುಂಡಲೀಕ ಚಿತ್ರವನ್ನು ಬಹಳ ಹೊತ್ತು ನೋಡಿದರು. ಬಾಗಿದ ಅಂಚಿನ ಮೇಲೆ ಬೆರಳಿಟ್ಟು, ಗಾಳಿಯಲ್ಲಿ ಉಳಿದ ಗಡಿಗೆಯನ್ನು ಪೂರ್ತಿ ಮಾಡುವಂತೆ ಕೈ ತಿರುಗಿಸಿದರು.

"ಗಡಿಗಿ ಬಾಯಿ ಕೆಳಗ ಮಾಡಿ ಸುಟ್ಟಾರ ಇದನ್ನ" ಎಂದರು. "ಒಳಗ ಗಾಳಿ ಹೋಗಂಗಿಲ್ಲ, ಅದಕ್ಕ ಕರಿ. ಹೊರಗ ಉರಿ ಬಡೀತೈತಿ, ಅದಕ್ಕ ಕೆಂಪು. ನಾವ ಹಿಂಗ ಸುಡಾಂಗಿಲ್ಲ. ಎಷ್ಟ ಹಳೇದ್ರಿ?"

"ಎರಡ ಸಾವಿರ ವರ್ಷ ಇರಬಹುದು" ಎಂದರು ಈರಣ್ಣ. "ನಾ ಅಂದ್ರ ನಡಿಯಂಗಿಲ್ಲ, ತಿಳದವರು ನೋಡಿ ಹೇಳಬೇಕು."

ಪುಂಡಲೀಕ ತಲೆಯಾಡಿಸಿದರು. "ಅಂಚು ನೋಡ್ರಿ, ಏನ ಸಣ್ಣ ಎಳದಾನ. ಛಲೋ ಕೈ ಇತ್ತು ಅವಂದು." ಪರಿಚಿತನೊಬ್ಬನ ಬಗ್ಗೆ ಮಾತಾಡುತ್ತಿರುವ ಹಾಗಿತ್ತು. ನಾನು ಇಷ್ಟು ವರ್ಷ ಕಲಿಸಿದ ಶಾತವಾಹನರಲ್ಲಿ ಒಬ್ಬ ಕುಂಬಾರನಿದ್ದ ಎಂದು ನನಗೆ ಹೊಳೆದದ್ದು ಆ ಅಂಗಳದಲ್ಲಿ.

ಅಷ್ಟೊತ್ತಿಗೆ ಪ್ರಾಜಕ್ತಾ ಬಾಗಿಲಿಗೆ ಬಂದು ನಿಂತಿದ್ದಳು. ನಾನು ಎದ್ದೆ. ಬಸ್ಸಿನಲ್ಲಿ ಕಟ್ಟಿದ ವಾಕ್ಯಗಳೆಲ್ಲ ಹೋಗಿದ್ದವು. "ನಂದ ತಪ್ಪಾತು ಪ್ರಾಜಕ್ತಾ. ನೀನು ಖರೇ ಹೇಳಿದ್ದಿ" ಎಂದೆ.

ಅವಳು ಕಾಲ ಹೆಬ್ಬೆರಳಿನಿಂದ ನೆಲ ಕೆರೆದಳು. ಆಮೇಲೆ ಅದೇ ಸಣ್ಣ ದನಿಯಲ್ಲಿ ಹೇಳಿದಳು: "ಎಲ್ಲಿ ಸಿಕ್ಕಿತು ಅಂತ ನೀವು ಕೇಳಲೇ ಇಲ್ರಿ ಟೀಚರ್."

"ಹೌದು. ಕೇಳಲಿಲ್ಲ."

"ಬೈದದ್ದು ಎಲ್ಲಾರ ಮುಂದ. ತಪ್ಪಾತು ಅಂತ ನಮ್ಮ ಮನ್ಯಾಗ ಬಂದ ಅಂದ್ರ ಹೆಂಗ್ರಿ? ಇಲ್ಲಿ ಯಾರೂ ನನಗ ಸುಳ್ಳಿ ಅಂದಿಲ್ಲ."

"ಏ ಪೋರಿ!" ಎಂದು ತಾಯಿ ಗದರಿದರು. ನಾನು ಕೈ ಅಡ್ಡ ಮಾಡಿದೆ. ಇದ್ದದ್ದನ್ನೇ ಹೇಳಿದ್ದಳು.

"ನಾಳೆ ಸಾಲಿಗೆ ಬರತಿ?" ಎಂದೆ. "ಎಲ್ಲಾರ ಮುಂದ ಹೇಳತೇನಿ."

ಅವಳು ಅಪ್ಪನ ಮುಖ ನೋಡಿದಳು. "ನಾಳೆ ಕಳಸತೇನ್ರಿ. ಆಮ್ಯಾಲಿಂದು ಅಕೀ ಇಷ್ಟ" ಎಂದರು ಅವರು.

ಮರುದಿನ ಬೆಳಿಗ್ಗೆ ಹೆಡ್ ಮಾಸ್ತರರಿಗೆ ವಿಷಯ ತಿಳಿಸಿದೆ. ಒಳ್ಳೆಯವರು, ಆದರೆ ಅವರಿಗೆ ಗಾಬರಿಯಾಯಿತು. "ಅಕ್ಕಾರ, ಅಕೀನ ಕರದು ಎರಡ ಮಾತ ಹೇಳ್ರಿ, ಸಾಕು. ಇಡೀ ಸಾಲಿ ಮುಂದ ಅಂದ್ರ ನಾಳೆ ಯಾರ ನಿಮ್ಮ ಮಾತ ಕೇಳತಾರ?" ಹಿಂದಿನ ವಾರವಾಗಿದ್ದರೆ ನಾನೂ ಹಾಗೆಯೇ ಯೋಚಿಸುತ್ತಿದ್ದೆ. "ಕೇಳದಿದ್ರ ಕೇಳವಲ್ರ್ಯಾಕ ಸರ್" ಎಂದು ಹೊರಗೆ ಬಂದೆ.

ಪ್ರಾರ್ಥನೆ ಮುಗಿಯಿತು. ಮಂಜು ಇನ್ನೂ ಬೇವಿನ ಮರದಿಂದ ತೊಟ್ಟಿಕ್ಕುತ್ತಿತ್ತು. ಪ್ರಾಜಕ್ತಾ ಒಂಬತ್ತನೆಯ ತರಗತಿಯ ಸಾಲಿನ ತುದಿಯಲ್ಲಿ ನಿಂತಿದ್ದಳು. ಬೆಳಗಿನ ಮೊದಲ ಬಸ್ಸಿಗೆ ಬಂದಿದ್ದಳು, ಕೈಚೀಲ ಇನ್ನೂ ಹೆಗಲಲ್ಲೇ ಇತ್ತು. ನಾನು ಮೈಕು ತೆಗೆದುಕೊಳ್ಳಲಿಲ್ಲ, ಬೈದಾಗಲೂ ಮೈಕು ಇರಲಿಲ್ಲ. ಅವತ್ತು ನಡೆದದ್ದನ್ನು ಇದ್ದಂತೆ ಹೇಳಿದೆ. ಅವಳು ಕುಂಬಾರರ ಮಗಳು ಎಂಬ ಕಾರಣಕ್ಕೆ ಸುಳ್ಳು ಎಂದುಕೊಂಡೆ, ಅವಳಿಗೆ ಮಣ್ಣು ಗೊತ್ತಿದ್ದದ್ದೂ ಅದೇ ಕಾರಣಕ್ಕೆ ಎಂದೆ. ನನ್ನಿಂದಾಗಿ ಆ ಚೂರು ಕಳೆದುಹೋಗಿದೆ, ಇನ್ನು ಸಿಗುವುದಿಲ್ಲ ಎಂದೆ. "ತಪ್ಪು ನನ್ನದು, ಕ್ಷಮಿಸು ಪ್ರಾಜಕ್ತಾ" ಎಂದೆ. ಸಾಲಿನ ನಡುವಿನಿಂದ ಒಬ್ಬ ಹುಡುಗ ಹೊರಗೆ ಬಂದು, "ಮನಿಯಿಂದ ತಂದಾಳ ಅಂದಾವ ನಾನ್ರಿ ಟೀಚರ್" ಎಂದು ಕೈಕಟ್ಟಿ ನಿಂತುಕೊಂಡ. ಅದನ್ನು ನಾನು ಎಣಿಸಿರಲಿಲ್ಲ.

ಪ್ರಾಜಕ್ತಾ ಒಮ್ಮೆ ತಲೆಯಾಡಿಸಿದಳು. ಅಷ್ಟೇ. ಆಮೇಲೆ ತರಗತಿಗೆ ಹೋಗಿ ತನ್ನ ಜಾಗದಲ್ಲಿ ಕೂತಳು.

ಮುಂದೆ ಇಲಾಖೆಯಿಂದ ಇಬ್ಬರು ಬಂದರು. ಗುಂಡಿ ನೋಡಿದರು, ಫೋಟೋ ತೆಗೆದರು, ಗೋಡೆಯಲ್ಲಿದ್ದ ಅಂಚನ್ನೂ ಇನ್ನೆರಡು ಚೂರುಗಳನ್ನೂ ಕಾಗದದಲ್ಲಿ ಸುತ್ತಿ ಒಯ್ದರು. ಹಳೆಯ ಊರಿನ ಹೊರವಲಯ ಇಲ್ಲಿಯವರೆಗೆ ಹಬ್ಬಿದ್ದಿರಬಹುದು, ಖಚಿತವಾಗಿ ಹೇಳಲಾಗುವುದಿಲ್ಲ ಎಂದು ಪತ್ರ ಬರೆದರು. ಗುಂಡಿ ಮುಚ್ಚಿಸಲು ಹೇಳಿದರು. ನಿಧಿ, ಶಾಸನ, ಹೊಸ ಚರಿತ್ರೆ ಏನೂ ಹೊರಬರಲಿಲ್ಲ. ಪ್ರಾಜಕ್ತಾ ಕೂಡ ಮುಂದೆ ಪುರಾತತ್ವ ಓದಲಿಲ್ಲ. ಈಗ ಬೆಳಗಾವಿಯ ಆಸ್ಪತ್ರೆಯೊಂದರಲ್ಲಿ ನರ್ಸು. ರೋಗಿಯ ಚೀಟಿಯಲ್ಲಿ ಅವಳಷ್ಟು ಸ್ಪಷ್ಟವಾಗಿ ಯಾರೂ ಬರೆಯುವುದಿಲ್ಲವೆಂದು ಅಲ್ಲಿಯ ಹಿರಿಯ ನರ್ಸೊಬ್ಬರು ನನ್ನೆದುರು ಹೇಳಿದಾಗ ನಾನು ಆ ಕರಿಮಣ್ಣಿನ ಬಗ್ಗೆ ಅವಳು ಬುಕ್ಕಿನಲ್ಲಿ ಬರೆದಿದ್ದ ಸಾಲುಗಳನ್ನು ನೆನೆಸಿಕೊಂಡೆ.

ಸಂಕ್ರಾಂತಿಯ ನಂತರ ಶಾಲೆಯಲ್ಲಿ ಮಕ್ಕಳ ಪ್ರದರ್ಶನ ಇಟ್ಟೆವು. ಪುಂಡಲೀಕ ಖಾನಾಪುರದಿಂದ ಒಂದು ಗಡಿಗೆ ತಂದಿದ್ದರು. ಹೊಟ್ಟು ತುಂಬಿ, ಬಾಯಿ ಕೆಳಗೆ ಮಾಡಿ, ಹಲವು ಸಲ ಕೆಡಿಸಿಕೊಂಡು ಕೊನೆಗೆ ಸುಟ್ಟು ತೆಗೆದದ್ದು. ಹೊರಗೆ ಕೆಂಪು, ಒಳಗೆ ಕಪ್ಪು. ಈರಣ್ಣನವರು ಅದನ್ನು ಎರಡೂ ಕೈಯಲ್ಲಿ ಹಿಡಿದು ಬಿಸಿಲಿಗೆ ತಿರುಗಿಸಿ ತಿರುಗಿಸಿ ನೋಡಿದರು. ಅದರ ಪಕ್ಕ ಗೋಡೆಗೆ ಪ್ರಾಜಕ್ತಾಳ ಚಿತ್ರ. ಪ್ರತಿಯೊಂದು ವಸ್ತುವಿನ ಕೆಳಗೂ ಒಂದು ಕಾರ್ಡು ಅಂಟಿಸಬೇಕಿತ್ತು: ಏನು, ಎಲ್ಲಿ ಸಿಕ್ಕಿತು, ಯಾರಿಗೆ ಸಿಕ್ಕಿತು, ಈಗ ಎಲ್ಲಿದೆ.

ಪ್ರಾಜಕ್ತಾ ಮೂರು ಸಾಲು ತುಂಬಿ ನಾಲ್ಕನೆಯದನ್ನು ಖಾಲಿ ಬಿಟ್ಟಿದ್ದಳು. ಮರೆತಿರಲಿಲ್ಲ, ಉಳಿದ ಕಾರ್ಡುಗಳೆಲ್ಲ ಪೂರ್ತಿಯಾಗಿದ್ದವು. ನನ್ನ ಮೇಲಿನ ಕರುಣೆಯೋ, ಏನು ಬರೆಯಬೇಕೆಂದು ತಿಳಿಯಲಿಲ್ಲವೋ. ನಾನು ಅವಳ ಕೈಯಿಂದ ಪೆನ್ನು ಇಸಕೊಂಡು ಬರೆದೆ: 'ಶಿಕ್ಷಕಿಯಿಂದ ಕಳೆದುಹೋಗಿದೆ.' ಕೆಳಗೆ ಸಹಿ ಹಾಕಿದೆ.

ಅವಳು ಕಾರ್ಡನ್ನು ತೆಗೆದುಕೊಂಡು ನಿಧಾನವಾಗಿ ಓದಿದಳು. ಇನ್ನೊಮ್ಮೆ ಓದಿದಳು. ನಂತರ ಪೆನ್ನಿನ ಜೊತೆ ಅದನ್ನು ನನಗೇ ವಾಪಸು ಚಾಚಿದಳು. ಈ ಬಾರಿ ಅವಳ ದನಿ ಪವರ್‌ಲೂಮಿನ ಮಕ್ಕಳ ದನಿಯಷ್ಟೇ ಗಟ್ಟಿಯಾಗಿತ್ತು.

"ತಾರೀಖ ಹಾಕ್ರಿ ಟೀಚರ್. ತಾರೀಖ ಇಲ್ಲಂದ್ರ ಯಾರೂ ಖರೇ ಅನ್ನಂಗಿಲ್ಲ."

ಹಾಕಿದೆ.